ಅಡೋರ್‌ನಿಂದ ಅಬ್‌ಹಾರ್‌ವರೆಗೆ

ಇಂಗ್ಲಿಷ್ ಮಾತಾಡಲು ಕಲಿಸುವ ಕೋಚಿಂಗ್ ಸೆಂಟರುಗಳ ಗೋಡೆಯ ಮೇಲೆ ಒಂದು ಏಣಿಯ ಚಿತ್ರ ಕಾಣಸಿಗುತ್ತದೆ. ತುತ್ತತುದಿಯಲ್ಲಿ ‘ಅಡೋರ್’, ಅದರ ಕೆಳಗೆ ‘ಲವ್’, ಆಮೇಲೆ ‘ಲೈಕ್’, ನಡುವೆ ‘ಡೋಂಟ್ ಮೈಂಡ್’. ಅಲ್ಲಿಂದ ಇಳಿಜಾರು: ‘ಡಿಸ್‌ಲೈಕ್’, ‘ಹೇಟ್’, ‘ಲೋದ್’, ‘ಡಿಟೆಸ್ಟ್’. ನೆಲಕ್ಕೆ ತಾಗಿಕೊಂಡು ‘ಅಬ್‌ಹಾರ್’. ವಿದೇಶಕ್ಕೆ ಹೊರಟು ಐಇಎಲ್‌ಟಿಎಸ್ ಪರೀಕ್ಷೆಗೆ ಕೂರುವವರು ಇದನ್ನು ಉರು ಹೊಡೆಯುತ್ತಾರೆ. ಅಲ್ಲಿ ಶಬ್ದಸಂಪತ್ತಿಗೇ ಬೇರೆ ಅಂಕ. ನಿಮ್ಮೂರು ಹೇಗೆ, ನಿಮ್ಮ ಊಟ ಹೇಗೆ ಎಂದು ಕೇಳಿದಾಗ ಬರೀ ‘ಲೈಕ್, ಲೈಕ್’ ಎಂದರೆ ನಡೆಯದು. ಹಾಗಾಗಿ ಹಾಸನದ ಹುಡುಗ ‘ಐ ಅಡೋರ್ ರಾಗಿ ಮುದ್ದೆ’ ಎನ್ನುತ್ತಾನೆ. ಮುದ್ದೆ ಅಂದರೆ ಅವನಿಗೆ ನಿಜಕ್ಕೂ ಪ್ರಾಣವೇ. ಆದರೂ ಆ ವಾಕ್ಯ ಕೇಳಿದರೆ ಅವನು ಮುದ್ದೆಗೆ ಧೂಪ ಹಾಕಿ ಕೈಮುಗಿಯುತ್ತಿದ್ದಾನೇನೋ ಅನ್ನಿಸುತ್ತದೆ.

ಏಣಿಯ ಮೇಲೆ ನನ್ನ ತಕರಾರು ಇಷ್ಟೆ: ಇಂಗ್ಲಿಷಿನವರು ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ‘ಅಬ್‌ಹಾರ್’ ಏನಿದ್ದರೂ ಸಂಪಾದಕೀಯಗಳಿಗೆ, ಖಂಡನಾ ನಿರ್ಣಯಗಳಿಗೆ ಮೀಸಲು. ಕ್ರಿಸ್‌ಮಸ್ ಊಟದ ತಟ್ಟೆಗೆ ಬ್ರಸೆಲ್ಸ್ ಸ್ಪ್ರೌಟ್ ಎಂಬ ಗೋಲಿ ಗಾತ್ರದ ಕೋಸು ಬಿದ್ದಾಗ ಅಲ್ಲಿನ ಮಗು ‘ಐ ಅಬ್‌ಹಾರ್’ ಅನ್ನುವುದಿಲ್ಲ, ‘ಯಕ್’ ಅನ್ನುತ್ತದೆ. ದೊಡ್ಡವರು ‘ನಾಟ್ ಎ ಬಿಗ್ ಫ್ಯಾನ್’ ಎನ್ನುತ್ತಾರೆ. ಈ ಎರಡನೆಯದನ್ನು ಕೇಳಿ, ಫ್ಯಾನ್ ಏನೋ ಹೌದು, ಸ್ವಲ್ಪ ಸಣ್ಣ ಫ್ಯಾನ್ ಇರಬೇಕು ಎಂದುಕೊಂಡು ಮತ್ತೆರಡು ಬಡಿಸಿದರೆ ಆ ಸ್ನೇಹ ಅಲ್ಲಿಗೆ ಮುಗಿಯಿತು.

ಏಣಿಯ ನಡುವಿನ ಮೆಟ್ಟಿಲೇ ನನಗೆ ಎಲ್ಲಕ್ಕಿಂತ ಹಿಡಿಸುವುದು. ‘ಡೋಂಟ್ ಮೈಂಡ್’ ಎಂದರೆ ಇತ್ತ ಇಷ್ಟವೂ ಅಲ್ಲ, ಅತ್ತ ಬೇಡವೂ ಅಲ್ಲ ಎಂದು ಗೈಡುಗಳು ಹೇಳುತ್ತವೆ, ಬಳಕೆ ಬೇರೆಯೇ ಹೇಳುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಿಬಿಸಿ ರೇಡಿಯೊದಲ್ಲಿ ‘ಇಟ್ಮಾ’ ಎಂಬ ಹಾಸ್ಯ ಕಾರ್ಯಕ್ರಮ ಬರುತ್ತಿತ್ತು. ಅದರಲ್ಲಿ ಕರ್ನಲ್ ಚಿನ್‌ಸ್ಟ್ರಾಪ್ ಎಂಬ ಗುಂಡುಪ್ರಿಯ. ಯಾರು ಏನೇ ಮಾತಾಡಲಿ, ಅವನ ಕಿವಿಗೆ ಅದು ಪೆಗ್ಗಿನ ಕರೆಯಾಗಿಯೇ ಬೀಳುತ್ತದೆ. ಕೂಡಲೇ ‘ಐ ಡೋಂಟ್ ಮೈಂಡ್ ಇಫ್ ಐ ಡೂ’ ಎನ್ನುತ್ತಾನೆ. ನೀವು ಅಷ್ಟು ಬಲವಂತ ಮಾಡಿದರೆ ನನ್ನ ಅಭ್ಯಂತರವೇನಿಲ್ಲ ಎಂಬ ಧಾಟಿ. ಬಲವಂತ ಮಾಡಿದವರು ಯಾರೂ ಇರುವುದಿಲ್ಲ! ಯುದ್ಧ, ರೇಷನ್ನು, ಕತ್ತಲೆಯ ನಡುವೆ ಆ ಮಾತು ಕೇಳಿ ಬ್ರಿಟನ್ನಿಗೆ ಬ್ರಿಟನ್ನೇ ನಕ್ಕಿತು. ಯಾಕೆಂದರೆ ಬಾಯಲ್ಲಿ ನೀರೂರುತ್ತಿರುವಾಗಲೂ ಅವರೆಲ್ಲ ಹಾಗೆಯೇ ಮಾತಾಡುತ್ತಿದ್ದರು.

ಇದು ನಮಗೆ ಅರ್ಥವಾಗದ ವಿದ್ಯೆಯೇನಲ್ಲ. ಮದುವೆಮನೆಯಲ್ಲಿ ಮೂರನೇ ಸಲ ಪಾಯಸ ಹಾಕಿಸಿಕೊಂಡ ಮಲೆನಾಡಿನ ಹಿರಿಯರೊಬ್ಬರನ್ನು ಅಡುಗೆ ಹೇಗಿತ್ತು ಎಂದು ಕೇಳಿ ನೋಡಿ. ‘ಪರವಾಗಿಲ್ಲ’ ಎನ್ನುತ್ತಾರೆ. ಉತ್ತರ ಕನ್ನಡದ ಕಡೆಯಾದರೆ ‘ಅಡ್ಡಿ ಇಲ್ಲೆ’. ಅಡುಗೆಭಟ್ಟರಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿಲ್ಲ. ‘ಬಹಳ ಚೆನ್ನಾಗಿತ್ತು’ ಅಂದಿದ್ದರೆ ಉಪ್ಪು ಹೆಚ್ಚಾಗಿತ್ತೇನೋ, ಪಾಪ ಸಮಾಧಾನ ಹೇಳುತ್ತಿದ್ದಾರೆ ಎಂದು ಭಟ್ಟರು ಒಳಗೊಳಗೇ ಅಳುಕುತ್ತಿದ್ದರು. ಇಂಥ ಕಿವಿ ಇರುವ ನಾವು ಇಂಗ್ಲಿಷಿಗೆ ಬಂದೊಡನೆ ಅದನ್ನು ಮನೆಯಲ್ಲೇ ಬಿಟ್ಟು ಬರುತ್ತೇವೆ. ಲಂಡನ್ನಿನ ಮೇಲಧಿಕಾರಿ ‘ಕ್ವೈಟ್ ಗುಡ್’ ಎಂದು ಮೇಲ್ ಹಾಕಿದರೆ ಬೆಂಗಳೂರಿನ ತಂಡ ಕೇಕ್ ತರಿಸುತ್ತದೆ. ನ್ಯೂಯಾರ್ಕಿನವರು ಹಾಗೆ ಬರೆದಿದ್ದರೆ ಕೇಕ್ ಸರಿಯೇ. ಅಲ್ಲಿ ‘ಕ್ವೈಟ್’ ಅಂದರೆ ‘ಬಹಳ’. ಲಂಡನ್ನಿನಲ್ಲಿ ಅನೇಕ ಸಲ ಅದರ ಅರ್ಥ ‘ತಕ್ಕಮಟ್ಟಿಗೆ’.

ಇನ್ನು ಮೇಲಿನ ಮೆಟ್ಟಿಲುಗಳ, ಅಂದರೆ ದೊಡ್ಡ ಹೊಗಳಿಕೆಯ ಪದಗಳ ಪಾಡು. ಅವು ತುಳಿದು ತುಳಿದು ಸವೆದಿವೆ. ‘ಆ’ ಎಂದು ಬಾಯಿ ಬಿಟ್ಟು ದೇವರ ಮುಂದೆ ನಡುಗುವ ಭಯಭಕ್ತಿಗೆ ಇದ್ದದ್ದು ‘ಆ’ (awe) ಎಂಬ ಒಂದು ಪುಟ್ಟ ಪದ. ಅದರಿಂದ ‘ಆಸಮ್’ ಹುಟ್ಟಿತು, ‘ಆಫುಲ್’ ಕೂಡ ಹುಟ್ಟಿತು. ಅಣ್ಣ ಈಗ ಮಸಾಲೆ ದೋಸೆಯನ್ನು ಹೊಗಳಿಕೊಂಡಿದ್ದಾನೆ, ತಮ್ಮ ಹಳಸಿದ ಚಟ್ನಿಯನ್ನು ಬೈದುಕೊಂಡಿದ್ದಾನೆ. ‘ಟೆರಿಫಿಕ್’ ಮೊದಲು ಹೆದರಿಸುವಂಥದ್ದಾಗಿತ್ತು, ಈಗ ಶಹಭಾಸ್. ನಗುವ ಹಾಗಿಲ್ಲ, ‘ಭಯಂಕರ ಚೆನ್ನಾಗಿದೆ’ ಎನ್ನುವವರು ನಾವು. ಇದೆಲ್ಲ ಮೊಬೈಲ್ ಹುಡುಗರು ಮಾಡಿದ ಹಾಳು ಎಂದು ದೂರುವವರು ಜೇನ್ ಆಸ್ಟೆನ್ನಳ ‘ನಾರ್ತ್ಯಾಂಗರ್ ಆ್ಯಬಿ’ ಓದಬೇಕು. 1817ರ ಕೊನೆಯಲ್ಲಿ ಹೊರಬಂದ ಆ ಕಾದಂಬರಿಯಲ್ಲಿ ನಾಯಕಿ ಪುಸ್ತಕವೊಂದನ್ನು ‘ನೈಸ್’ ಎಂದದ್ದಕ್ಕೆ ನಾಯಕ ಹೆನ್ರಿ ಟಿಲ್ನಿ, ಆ ಪದವನ್ನು ಎಲ್ಲದಕ್ಕೂ ಬಳಸುತ್ತಾರೆಂದು ಅವಳನ್ನು ಕಾಡುತ್ತಾನೆ. ಹುಡುಗಿಯರ ಶಬ್ದಗಳನ್ನು ತಿದ್ದುವ ಗಂಡಸರು ಆಗಲೂ ಇದ್ದರು. ‘ನೈಸ್’ ಅದರ ನಂತರವೂ ಹಾಯಾಗಿ ಬದುಕಿದೆ.

ದ್ವೇಷದ ಪದವನ್ನೇ ಜಾಹೀರಾತಿಗೆ ಹಾಕಿ ಹೊಟ್ಟೆ ಹೊರೆದುಕೊಂಡ ಪದಾರ್ಥವೂ ಬ್ರಿಟನ್ನಿನಲ್ಲಿದೆ. ಹೆಸರು ಮಾರ್ಮೈಟ್. ಬಿಯರ್ ತಯಾರಿಸಿದ ಮೇಲೆ ಉಳಿಯುವ ಯೀಸ್ಟಿನಿಂದ 1902ರಲ್ಲಿ ಬರ್ಟನ್ ಅಪಾನ್ ಟ್ರೆಂಟ್ ಎಂಬ ಊರಿನಲ್ಲಿ ಅದರ ತಯಾರಿಕೆ ಶುರುವಾಯಿತು. ಬ್ರೆಡ್ಡಿಗೆ ಸವರಿ ತಿನ್ನುವುದು. 1996ರಲ್ಲಿ ಕಂಪನಿಯವರು, ನೀವು ಇದನ್ನು ಲವ್ ಮಾಡುತ್ತೀರಿ ಇಲ್ಲವೇ ಹೇಟ್ ಮಾಡುತ್ತೀರಿ ಎಂದು ತಾವೇ ಸಾರಿಕೊಂಡರು. ಗುಣಗಾನದ ಜೊತೆಗೆ ವಾಕರಿಸುವ ಮುಖಗಳನ್ನೂ ತೋರಿಸಿದರು. ನಮ್ಮ ಮನೆಗೂ ಒಮ್ಮೆ ಲಂಡನ್ ನೆಂಟರ ಸೂಟ್‌ಕೇಸಿನಲ್ಲಿ ಆ ಹಳದಿ ಮುಚ್ಚಳದ ಗಿಡ್ಡ ಶೀಶೆ ಬಂದಿತ್ತು. ಒಳಗಿನದ್ದು ಥೇಟ್ ಜೋನಿಬೆಲ್ಲ. ಅದೇ ಬಣ್ಣ, ಚಮಚ ಎತ್ತಿದರೆ ಅದೇ ಎಳೆ. ಮಕ್ಕಳು ದೋಸೆಗೆ ಧಾರಾಳವಾಗಿ ಸುರಿದುಕೊಂಡರು. ಬಾಯಿಗಿಟ್ಟರೆ ಕಡಲುಪ್ಪು, ಅದರ ಬೆನ್ನಿಗೇ ಸೀದ ಕಹಿ. ಒಬ್ಬ ಬಚ್ಚಲಿಗೆ ಓಡಿದ. ಇನ್ನೊಬ್ಬಳು ಕಣ್ಣು ಕಿರಿದು ಮಾಡಿ ಇನ್ನಷ್ಟು ಸುರಿದುಕೊಂಡಳು. ಜಾಹೀರಾತು ನಮ್ಮ ಅಡುಗೆಮನೆಯಲ್ಲೇ ರುಜುವಾತಾಯಿತು. ಈಗ ಬ್ರಿಟಿಷ್ ಪತ್ರಿಕೆಗಳಲ್ಲಿ ‘ಮಾರ್ಮೈಟ್ ರಾಜಕಾರಣಿ’ ಎಂದರೆ ಸಾಕು, ಎಂಥವರೆಂದು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲೂ ಅಂಥವರು ಬೇಕಾದಷ್ಟಿದ್ದಾರೆ, ಶೀಶೆ ಮಾತ್ರ ಇಲ್ಲ. ಹಾಂ, ಇದೇ ಮಾರ್ಮೈಟ್‌ಗೆ ಭಾರತದ ನಂಟೂ ಉಂಟು. ಬಸುರಿಯರ ರಕ್ತಹೀನತೆಗೆ ಅದು ಮದ್ದಾಗುತ್ತದೆ ಎಂದು ಲೂಸಿ ವಿಲ್ಸ್ ಎಂಬ ವೈದ್ಯೆ ಕಂಡುಕೊಂಡದ್ದು ಬೊಂಬಾಯಿಯ ಹೆಂಗಸರಲ್ಲಿ, ಪ್ರಕಟಿಸಿದ್ದು 1931ರಲ್ಲಿ. ಫೋಲಿಕ್ ಆ್ಯಸಿಡ್‌ನ ಕಥೆ ಅಲ್ಲಿಂದ ಶುರು. ಆ ಹೆಂಗಸರಲ್ಲಿ ಎಷ್ಟು ಜನ ಮಾರ್ಮೈಟನ್ನು ಲವ್ ಮಾಡಿದರೋ!

‘ಲೈಕ್’ಗೂ ಒಂದು ಹಳೆಯ ಮರ್ಯಾದೆ ಇತ್ತು. ಹಿಂದಿನ ಇಂಗ್ಲಿಷಿನಲ್ಲಿ ನಾನು ವಸ್ತುವನ್ನು ಲೈಕ್ ಮಾಡುತ್ತಿರಲಿಲ್ಲ. ವಸ್ತುವೇ ನನಗೆ ಲೈಕ್ ಆಗುತ್ತಿತ್ತು, ನಮಗೆ ಸೀರೆಯೋ ಸಂಬಂಧವೋ ಹಿಡಿಸುವ ಹಾಗೆ. ಶೇಕ್ಸ್‌ಪಿಯರನ ನಾಟಕಗಳಲ್ಲೂ ಆ ಬಳಕೆ ಉಳಿದುಕೊಂಡಿದೆ. ಆಮೇಲೆ ‘ನಾನು’ ಮುಂದೆ ಬಂದು ನಿಂತಿತು. ಇನ್ನು ‘ಲವ್’. ಮನಸ್ಸಿನ ಸ್ಥಿತಿ ಹೇಳುವ ಕ್ರಿಯಾಪದಕ್ಕೆ ‘ಇಂಗ್’ ಅಂಟಿಸಬಾರದು ಎಂದು ನಮ್ಮ ಮೇಷ್ಟ್ರುಗಳು ಬೆತ್ತ ಹಿಡಿದು ಹೇಳಿದ್ದರು. 2003ರಲ್ಲಿ ಮೆಕ್‌ಡೊನಾಲ್ಡ್ಸ್ ‘ಐ ಆ್ಯಮ್ ಲವಿನ್ ಇಟ್’ ಎಂದು ಜಗತ್ತಿಗೆಲ್ಲ ಹಾಡಿತು. ಮೇಷ್ಟ್ರ ಬೆತ್ತಕ್ಕೆ ಬರ್ಗರ್ ಸಿಗಲಿಲ್ಲ.

2009ರಲ್ಲಿ ಫೇಸ್‌ಬುಕ್ ಲೈಕ್ ಗುಂಡಿಯನ್ನು ಕೊಟ್ಟಿತು. ಮೊದಲು ಅದಕ್ಕೆ ಇಡಬೇಕೆಂದಿದ್ದ ಹೆಸರು ‘ಆಸಮ್’ ಅಂತೆ. ಏಣಿಯನ್ನೆಲ್ಲ ಕಿತ್ತುಹಾಕಿ ಒಂದೇ ಮೆಟ್ಟಿಲು ಉಳಿಸಿದ ಹಾಗಾಯಿತು. ಮಗು ಹುಟ್ಟಿದರೂ ಲೈಕು, ಅಜ್ಜ ತೀರಿಕೊಂಡ ಸುದ್ದಿಗೂ ಲೈಕು. ಓದಿದ್ದೇನೆ, ದುಃಖವಾಯಿತು, ಬರಲಾಗಲಿಲ್ಲ ಎಂಬ ಮೂರನ್ನೂ ಆ ಹೆಬ್ಬೆಟ್ಟೇ ಹೊತ್ತಿತು. 2016ರಲ್ಲಿ ಅಳುಮುಖ, ಸಿಟ್ಟಿನ ಮುಖ, ಹೃದಯ ಎಲ್ಲ ಬಂದವು. ‘ಡಿಸ್‌ಲೈಕ್’ ಮಾತ್ರ ಬರಲಿಲ್ಲ. ಅದು ಯೂಟ್ಯೂಬಿನಲ್ಲಿತ್ತು, ಮತ್ತು ಸಿನಿಮಾ ಅಭಿಮಾನಿಗಳು ಅದನ್ನು ಪಾಳಿ ಹಚ್ಚಿಕೊಂಡು ಒತ್ತುತ್ತಿದ್ದರು: ಎದುರು ನಾಯಕನ ಟ್ರೇಲರ್ ಬಿದ್ದ ಗಳಿಗೆಯಿಂದ ಲೆಕ್ಕ. 2021ರ ನವೆಂಬರಿನಲ್ಲಿ ಯೂಟ್ಯೂಬ್ ಆ ಲೆಕ್ಕವನ್ನು ಮುಚ್ಚಿಟ್ಟಿತು. ಗುಂಡಿ ಇದೆ, ಒತ್ತಬಹುದು, ಎಷ್ಟು ಜನ ಒತ್ತಿದರೆಂದು ನೋಡುಗರಿಗೆ ಕಾಣುವುದಿಲ್ಲ. ಎಣಿಕೆ ಕಾಣದ ದ್ವೇಷದಲ್ಲಿ ಏನು ಸುಖ? ಅಭಿಮಾನಿಗಳು ಈಗ ಕಾಮೆಂಟಿಗೆ ಇಳಿದಿದ್ದಾರೆ. ಅಲ್ಲಿ ಇಂಗ್ಲಿಷಿಗೆ ಹೆಚ್ಚು ಕೆಲಸವಿಲ್ಲ. ನಡೆಯುವುದು ಅಚ್ಚಗನ್ನಡ, ಅಚ್ಚು ಹಾಕಲಾಗದ ಕನ್ನಡ.