ಬುತ್ತಿಯ ಹೊತ್ತು

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ನಾವೆಲ್ಲ ನಗುತ್ತಲೇ ಆಡುತ್ತೇವೆ. ನನ್ನ ಸೋದರತ್ತೆಯನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದ ಮೇಲೆ ಆ ಗಾದೆ ನನ್ನ ಬಾಯಿಗೆ ಬರುವುದಿಲ್ಲ. ಡಿಮೆನ್ಷಿಯ ಮುಪ್ಪಿನ ಸಹಜ ಗುಣವಲ್ಲ, ಮಿದುಳಿನ ರೋಗ.

ಸಂಜೆ ಐದಾಯಿತೆಂದರೆ ಅತ್ತೆ ಬಾಗಿಲಿಗೆ ಹೋಗಿ ಚಿಲಕ ಜಗ್ಗುತ್ತಿದ್ದರು. "ಅವರಿಗೆ ಹೊತ್ತಾಯಿತು, ಬಿಡಿ" ಎಂದು ಕೂಗುತ್ತಿದ್ದರು. "ನಿಮ್ಮ ಯಜಮಾನರು ತೀರಿಕೊಂಡು ಇಪ್ಪತ್ತು ವರ್ಷವಾಯಿತಲ್ಲ, ಅಜ್ಜಿ" ಎಂದು ಯಾರಾದರೂ ತಿಳಿಹೇಳಿದರೆ, ಆಗತಾನೇ ಸುದ್ದಿ ಕೇಳಿದವರಂತೆ ಅಳುತ್ತಿದ್ದರು. ಹೀಗೆ ನಿತ್ಯವೂ ಹೊಸದಾಗಿ ಗಂಡನನ್ನು ಕಳೆದುಕೊಳ್ಳುತ್ತಿದ್ದರು. ಉಳಿದವರಿಗೆ ತೊಂದರೆಯೆಂದು ಮಾತ್ರೆ ಶುರುವಾಯಿತು. ಒಪ್ಪಿದವನು ನಾನೇ. ಅತ್ತೆ ಸುಮ್ಮನಾದರು, ಊಟದ ತಟ್ಟೆಯ ಮುಂದೆ ತೂಕಡಿಸುವಷ್ಟು ಸುಮ್ಮನಾದರು.

ಆ ಬಗೆಯ ಮಾತ್ರೆಗಳ ವಿಷಯ ನಾನು ಓದಿದ್ದು ಆಮೇಲೆ. ೨೦೦೫ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೧೭ ಪರೀಕ್ಷೆಗಳನ್ನು ಒಟ್ಟಾಗಿ ನೋಡಿ ಎಚ್ಚರಿಕೆ ಕೊಟ್ಟಿತು. ಡಿಮೆನ್ಷಿಯವಿದ್ದ ವೃದ್ಧರಲ್ಲಿ, ಚಿತ್ತವಿಕಾರಕ್ಕೆಂದು ಬಂದ ಹೊಸ ಔಷಧಗಳನ್ನು ಸೇವಿಸಿದವರ ಪೈಕಿ ಶೇಕಡ ೪.೫ರಷ್ಟು ಮಂದಿ ಸತ್ತಿದ್ದರು. ಬರಿಯ ಹುಸಿಮಾತ್ರೆ ಪಡೆದವರಲ್ಲಿ ೨.೬. ೨೦೧೨ರಲ್ಲಿ ಅಲ್ಲಿನ ಸರ್ಕಾರ ವೃದ್ಧರ ನರ್ಸಿಂಗ್ ಹೋಮುಗಳಲ್ಲಿ ಇವುಗಳ ಬಳಕೆ ತಗ್ಗಿಸಲು ದೇಶವ್ಯಾಪಿ ಕಾರ್ಯಕ್ರಮ ಹೂಡಿತು.

ನಮ್ಮ ಕೇಂದ್ರಕ್ಕೆ ಹೊಸದಾಗಿ ಬಂದ ನರ್ಸಮ್ಮ ಅತ್ತೆಗೆ ಎಲ್ಲಾದರೂ ನೋವಿದೆಯೆ, ಮಲಬದ್ಧತೆಯಿದೆಯೆ, ಮೂತ್ರದ ಸೋಂಕಿದೆಯೆ ಎಂದು ಮೊದಲು ನೋಡಿಸಿದರು. ಆಮೇಲೆ ನನ್ನನ್ನು ಕೇಳಿದರು: "ಸಾರ್, ಸಂಜೆ ಐದಕ್ಕೆ ಇವರು ಮನೆಯಲ್ಲಿ ಏನು ಮಾಡುತ್ತಿದ್ದರು?"

ನನಗೆ ಗೊತ್ತಿತ್ತು. ಮಾವ ಅರಸೀಕೆರೆಯಲ್ಲಿ ರೈಲ್ವೆ ನೌಕರರು. ಅವರ ರಾತ್ರಿಪಾಳಿಗೆ ಅತ್ತೆ ಸಂಜೆಯೇ ಬುತ್ತಿ ಕಟ್ಟುತ್ತಿದ್ದರು. ಬೇಸಿಗೆ ರಜೆಗೆ ಹೋದ ನಾನು ಆ ಕ್ಯಾರಿಯರನ್ನು ಸ್ಟೇಷನ್ನಿಗೆ ಒಯ್ಯುತ್ತಿದ್ದೆ. ಇಷ್ಟು ದಿನ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಈಗ ಐದಕ್ಕೆ ಅತ್ತೆಯ ಮುಂದೆ ಖಾಲಿ ಕ್ಯಾರಿಯರ್ ಇಡುತ್ತಾರೆ. ಅತ್ತೆ ಡಬ್ಬಿಗಳನ್ನು ಒಂದೊಂದಾಗಿ ಒರೆಸಿ, ಒಂದರ ಮೇಲೊಂದು ಕೂರಿಸಿ, ಕೊಂಡಿ ಬಿಗಿಯುತ್ತಾರೆ. ಕೈ ಮರೆತಿಲ್ಲ. ವೈದ್ಯರು ಮಾತ್ರೆಯನ್ನು ಮೆಲ್ಲಮೆಲ್ಲಗೆ ಇಳಿಸಿದ್ದಾರೆ. ಕೆಲವು ಸಂಜೆ ಕ್ಯಾರಿಯರೂ ಸೋಲುತ್ತದೆ. ಆಗ ಯಾರಾದರೂ ಪಕ್ಕದಲ್ಲಿ ಕುಳಿತು ಕೈಹಿಡಿದಿರಬೇಕು. ಇದಕ್ಕೆ ಜನ ಬೇಕು, ಹೊತ್ತು ಬೇಕು. ಮಾತ್ರೆಗಾದರೆ ಒಂದು ಲೋಟ ನೀರು ಸಾಕಾಗಿತ್ತು.

ಕಳೆದ ವಾರ ಆ ಹೊತ್ತಿಗೆ ನಾನಲ್ಲಿದ್ದೆ. ಅತ್ತೆ ಕ್ಯಾರಿಯರನ್ನು ನನ್ನ ಕೈಗೆ ಕೊಟ್ಟು, "ಓಡಬೇಡ, ಸಾರು ಚೆಲ್ಲೀತು" ಎಂದರು. ನಾನು ಯಾರೆಂದು ಅವರಿಗೆ ತಿಳಿದಿರಲಾರದು. ಆದರೂ ಬಾಗಿಲವರೆಗೆ ನಿಧಾನವಾಗಿಯೇ ನಡೆದೆ.