ಗಾಳ ಹಾಕುವ ಮೊದಲು

ಕಳೆದ ವರ್ಷ ಜೂನ್ ತಿಂಗಳ ಒಂದು ಭಾನುವಾರ. ಪೂಜೆ ಮುಗಿಸಿ ನಾನೂ ನನ್ನ ಎಲೆಕ್ಟ್ರಿಷಿಯನ್ ಗೆಳೆಯನೂ ಬೈಕಿನಲ್ಲಿ ಕಡಪ್ಪುರಕ್ಕೆ ಹೋದೆವು. ಅಲ್ಲಿ ನಮ್ಮ ಇನ್ನೊಬ್ಬ ಗೆಳೆಯನ ಮನೆ. ಅವನು ನಮ್ಮ ಚರ್ಚಿನವನಲ್ಲ, ಆದರೆ ಒಂದನೇ ಕ್ಲಾಸಿನಿಂದ ನಮ್ಮ ಜೊತೆಗಿದ್ದವನು. ಅವನ ಅಪ್ಪ ದೋಣಿಯಲ್ಲಿ ಮೀನಿಗೆ ಹೋಗುವವರು. ಕಡಲು ಕೆರಳಿದ್ದರಿಂದ ಅಪ್ಪ ಮಗ ಇಬ್ಬರೂ ಚಪ್ಪರದ ಕೆಳಗೆ ಬಲೆ ರಿಪೇರಿ ಮಾಡುತ್ತಾ ಕೂತಿದ್ದರು.

ಹಿಂದಿನ ರಾತ್ರಿ ಗಲ್ಫಿನಲ್ಲಿರುವ ನನ್ನ ದೊಡ್ಡಪ್ಪನ ಮಗ ಒಂದು ವಿಡಿಯೊ ಕಳಿಸಿದ್ದ. ಒಬ್ಬ ಮನುಷ್ಯ ದೋಣಿಯ ಮುಂಭಾಗದಲ್ಲಿ ನಿಂತು ಮರದ ಹುಸಿಮೀನೊಂದನ್ನು ದೂರಕ್ಕೆ ಎಸೆದು ಎಳೆಯುತ್ತಾನೆ. ಕೆಳಗಿನಿಂದ ದೊಡ್ಡ ವಟ್ಟ ಮೀನು ನೀರು ಸಿಡಿಸಿಕೊಂಡು ಬಂದು ಅದನ್ನು ಕಚ್ಚುತ್ತದೆ. ತುಂಬಾ ಹೊತ್ತು ಎಳೆದಾಡಿ ಹತ್ತಿರ ತಂದು, ಒಂದು ಫೋಟೋ ತೆಗೆದು, ಮೀನನ್ನು ಮತ್ತೆ ನೀರಿಗೆ ಬಿಟ್ಟುಬಿಡುತ್ತಾನೆ. ಕೆಳಗೆ ಅಣ್ಣನ ಮೆಸೇಜು: "ನವೆಂಬರಿನಲ್ಲಿ ನನಗೆ ರಜೆ. ನಾಲ್ಕು ಜನ ಹೋಗುವ. ವ್ಯವಸ್ಥೆ ಎಲ್ಲ ನೀನೇ ಮಾಡು."

ವಿಡಿಯೊ ನೋಡಿ ಗೆಳೆಯನ ಅಪ್ಪ ಜೋರಾಗಿ ನಕ್ಕರು. "ಎಂತ ಮಾರಾಯ, ಇಷ್ಟು ಖರ್ಚು ಮಾಡಿ ಹಿಡಿದು ಬಿಡುವುದಾ? ಹಾಗಾದರೆ ಹಿಡಿಯುವುದು ಎಂತಕ್ಕೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಹೋಗಬೇಕೆಂಬ ಆಸೆ ನಾಲ್ವರಿಗೂ ಹತ್ತಿತು.

ಎಲ್ಲಿಗೆ ಎನ್ನುವುದು ಮೊದಲ ಪ್ರಶ್ನೆ. ಅಣ್ಣ ಮಾಲ್ಡೀವ್ಸ್ ಎಂದ. ನಮ್ಮಲ್ಲಿ ಇಬ್ಬರಿಗೆ ಪಾಸ್‌ಪೋರ್ಟೇ ಇರಲಿಲ್ಲ. ಅಂಡಮಾನ್ ವಟ್ಟ ಮೀನಿಗೆ ಹೆಸರುವಾಸಿ, ಆದರೆ ನಮಗೆ ತುಂಬಾ ದೂರ. ಕೊನೆಗೆ ಲಕ್ಷದ್ವೀಪ ಎಂದು ತೀರ್ಮಾನಿಸಿದೆವು. ಕೇರಳದ ಕರಾವಳಿಯಿಂದ 220ರಿಂದ 440 ಕಿ.ಮೀ. ದೂರ. ಹೆಚ್ಚಿನ ದ್ವೀಪಗಳಲ್ಲಿ ಮಲಯಾಳದ್ದೇ ಒಂದು ಬಗೆ ಮಾತಾಡುತ್ತಾರೆ, ಕಾಸರಗೋಡಿನ ನಮಗೆ ಅದು ಕಷ್ಟವಲ್ಲ. ಅಜ್ಜನಿಗೆ ಹೇಳಿದಾಗ ಅವರು ಇನ್ನೊಂದು ವಿಷಯ ನೆನಪಿಸಿದರು. 1956ರ ನವೆಂಬರ್ 1ರ ತನಕ ಅಮಿನಿ, ಕಡ್ಮತ್ ಮೊದಲಾದ ಅಮಿನ್‌ದೀವಿ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ನಮ್ಮ ಕಾಸರಗೋಡು ಕೂಡ ಆಗ ಅದೇ ಜಿಲ್ಲೆಯಲ್ಲಿತ್ತು. ಒಂದೇ ದಿನ ನಾವು ಕೇರಳಕ್ಕೆ ಬಂದೆವು, ಅವರು ಕೇಂದ್ರಾಡಳಿತಕ್ಕೆ ಹೋದರು. ಇವತ್ತಿಗೂ ಮಂಗಳೂರಿನ ಹಳೇ ಬಂದರಿನಿಂದ ಆ ದ್ವೀಪಗಳಿಗೆ ಸಾಮಾನು ಹೋಗುತ್ತದೆ. "ಅದು ಪರದೇಶ ಅಲ್ಲ ಮಗಾ, ನೆರೆಮನೆ" ಎಂದರು ಅಜ್ಜ.

ಇಷ್ಟರ ತನಕ ಎಲ್ಲ ಚಂದವಾಗಿತ್ತು. ಇನ್ನು ನನ್ನ ತಪ್ಪಿನ ಕಥೆ.

ನಾನು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಹಾಗಾಗಿ ದುಡ್ಡು ನನ್ನ ಕೈಗೇ ಬಂತು. ತಲಾ 8,000ದಂತೆ 32,000 ರೂಪಾಯಿ. ಫೋನಿನಲ್ಲಿ ಸಿಕ್ಕಿದ ಒಬ್ಬ ಏಜೆಂಟ್ ದೋಣಿ, ರೂಮು, ಪರವಾನಗಿ ಎಲ್ಲ ತಾನೇ ಮಾಡುತ್ತೇನೆಂದ. "ಇವತ್ತೇ ಅಡ್ವಾನ್ಸ್ ಹಾಕದಿದ್ದರೆ ನವೆಂಬರ್ ಸಿಗುವುದಿಲ್ಲ" ಎಂದ. ಅಂಗಡಿಯಲ್ಲಿ ಹತ್ತು ರೂಪಾಯಿಗೂ ರಶೀದಿ ಕೇಳುವ ನಾನು, ಇಲ್ಲಿ ಒಂದು ಪ್ರಶ್ನೆಯನ್ನೂ ಕೇಳದೆ ಎಲ್ಲವನ್ನೂ ಕಳಿಸಿದೆ. ಅಣ್ಣನ ಮುಂದೆ "ಎಲ್ಲ ಆಯ್ತು" ಎಂದು ಬೇಗ ಹೇಳಬೇಕಿತ್ತು, ಅಷ್ಟೇ.

ಲಕ್ಷದ್ವೀಪಕ್ಕೆ ಹೊರಗಿನವರು ಹಾಗೇ ಹೋಗುವಂತಿಲ್ಲ. ಭಾರತದವರೇ ಆದರೂ ಪ್ರವೇಶ ಪರವಾನಗಿ ಬೇಕು. ಅಕ್ಟೋಬರಿನಲ್ಲಿ ನಾನು ಪರವಾನಗಿಯ ಪ್ರತಿ ಕೇಳಿದೆ. ಇವತ್ತು ನಾಳೆ ಎಂದ. ಆಮೇಲೆ ಫೋನು ಎತ್ತುವುದನ್ನೇ ಬಿಟ್ಟ. ನಮ್ಮ ಹೆಸರಿನಲ್ಲಿ ಅರ್ಜಿಯನ್ನೇ ಹಾಕಿರಲಿಲ್ಲವೆಂದು ಮತ್ತೆ ಗೊತ್ತಾಯಿತು.

ಮೂರು ವಾರ ನಾನು ಯಾರಿಗೂ ಹೇಳಲಿಲ್ಲ. ಭಾನುವಾರ ಪೂಜೆ ಮುಗಿದ ಕೂಡಲೇ ಹಿಂದಿನ ಬಾಗಿಲಿನಿಂದ ಮನೆಗೆ ಓಡುತ್ತಿದ್ದೆ. ಗೆಳೆಯರು ಗ್ರೂಪಿನಲ್ಲಿ ಹೊಸ ಹೊಸ ವಿಡಿಯೊ ಹಾಕುತ್ತಿದ್ದರು, ನಾನು ಅದಕ್ಕೆ ಹೆಬ್ಬೆರಳಿನ ಗುರುತು ಒತ್ತುತ್ತಿದ್ದೆ. ಕೊನೆಗೆ ಒಂದು ಸಂಜೆ ಅಳಿವೆಯ ಹತ್ತಿರ ಇಬ್ಬರನ್ನೂ ಕೂರಿಸಿ ಹೇಳಿಬಿಟ್ಟೆ. ಎಲೆಕ್ಟ್ರಿಷಿಯನ್ ಗೆಳೆಯ ಡ್ರಿಲ್ಲಿಂಗ್ ಮೆಷಿನ್ ತೆಗೆದುಕೊಳ್ಳಲು ಇಟ್ಟಿದ್ದ ದುಡ್ಡಿನಿಂದ ತನ್ನ ಪಾಲು ಕೊಟ್ಟಿದ್ದ. ಅವನು ಸ್ವಲ್ಪ ಹೊತ್ತು ನೀರು ನೋಡುತ್ತಾ ಕೂತ. ಮತ್ತೆ ಹೇಳಿದ: "ದುಡ್ಡು ಹೋದದ್ದು ಇರಲಿ. ಮೂರು ವಾರ ನಮಗೆ ಹೇಳಲಿಲ್ಲವಲ್ಲ, ಅದು ಬೇಜಾರು."

ಅವನ ಮಾತು ಬರೀ ಬೇಜಾರಿನದ್ದಲ್ಲ, ಲೆಕ್ಕದ್ದೂ ಹೌದು. ಆನ್‌ಲೈನಿನಲ್ಲಿ ಮೋಸ ಹೋದರೆ 1930 ಎಂಬ ನಂಬರಿಗೆ ಕೂಡಲೇ ಫೋನ್ ಮಾಡಬೇಕು. ದುಡ್ಡು ಆ ಖಾತೆಯಿಂದ ಹೊರಗೆ ಹೋಗುವ ಮೊದಲೇ ತಡೆಹಿಡಿಯಲು ಸಾಧ್ಯವಿರುತ್ತದೆ. ನಾನು ಮಾಡಿದ ದೂರು ತಡವಾಗಿತ್ತು. ಮರ್ಯಾದೆ ಉಳಿಸಲು ಹೋಗಿ ದುಡ್ಡು ಉಳಿಸುವ ಒಂದೇ ದಾರಿಯನ್ನೂ ಕಳಕೊಂಡೆ. ಅಣ್ಣ ಫೋನಿನಲ್ಲಿ ಚೆನ್ನಾಗಿ ಬೈದ. ಬೈದು ಮುಗಿಸಿ, "ನನ್ನ ಪಾಲು ಬೇಡ, ಉಳಿದ ಇಬ್ಬರದ್ದು ಕೊಡು" ಎಂದ. ತಿಂಗಳಿಗೆ 2,000ದಂತೆ ಕೊಟ್ಟು ಈಗ ತೀರಿಸಿದ್ದೇನೆ.

ಆ ರಜೆ ಹಾಗೇ ಹೋಯಿತು. ಆದರೆ ಕಡಪ್ಪುರದ ಅಂಕಲ್ ನಮ್ಮನ್ನು ಬಿಡಲಿಲ್ಲ. ಒಂದು ದಿನ ಕರೆದು ಕೇಳಿದರು: "ದೋಣಿ ಯಾರದ್ದು ಎಂದು ಕೇಳಿದೆಯಾ? ಓಡಿಸುವವನು ಯಾರು? ಲೈಫ್ ಜಾಕೆಟ್ ಎಷ್ಟು? ವಯರ್‌ಲೆಸ್ ಇದೆಯಾ? ಎಂಜಿನ್ ನಿಂತರೆ ಎಂತ ಮಾಡುತ್ತಾರೆ?" ನಾನು ಏಜೆಂಟಿನ ಹತ್ತಿರ ಕೇಳಿದ್ದು ಒಂದೇ: ಎಷ್ಟು ದೊಡ್ಡ ಮೀನು ಸಿಗುತ್ತದೆ?

ಅಲ್ಲಿಂದ ನಾವು ಮತ್ತೆ ಶುರು ಮಾಡಿದೆವು. ಈ ಸಲ ಒಂದು ನೋಟ್ ಪುಸ್ತಕ ಇಟ್ಟು, ನಾಲ್ವರೂ ಹಂಚಿಕೊಂಡು ವಿಚಾರಿಸಿದೆವು. ನಿಮ್ಮಲ್ಲಿ ಯಾರಿಗಾದರೂ ಇಂಥ ಆಸೆ ಇದ್ದರೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತೇನೆ.

ಮೊದಲು ಕಾಲ. ಮಳೆಗಾಲದಲ್ಲಿ ಅಲ್ಲಿನ ಕಡಲು ನಮ್ಮ ಕಡಲಿನ ಹಾಗೆಯೇ. ಅಕ್ಟೋಬರಿನಿಂದ ಏಪ್ರಿಲ್ ತನಕ ಒಳ್ಳೆಯದು. ಎರಡನೆಯದು ಪರವಾನಗಿ. ಅದು ಕೈಗೆ ಬಾರದೆ ಟಿಕೆಟಿಗೂ ರೂಮಿಗೂ ಹಿಂದೆ ಸಿಗದ ದುಡ್ಡು ಕಟ್ಟಬಾರದು. ಮೂರನೆಯದು ದಾರಿ. ಕೊಚ್ಚಿಯಿಂದ ಹಡಗು ಇದೆ, ದ್ವೀಪ ನೋಡಿ ಒಂದು ರಾತ್ರಿಯ ಪ್ರಯಾಣವೇ ಆಗುತ್ತದೆ. ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ. ಅದೂ ಚಿಕ್ಕ ವಿಮಾನ, ಸಾಮಾನಿನ ತೂಕ ಮೊದಲೇ ಕೇಳಬೇಕು. ಹಾಗಾಗಿ ಎರಡು ಮೂರು ತುಂಡಾಗಿ ಬಿಚ್ಚುವ ರಾಡ್ ಒಳ್ಳೆಯದು. ಗಾಳಗಳನ್ನು ಕೈಚೀಲದಲ್ಲಿ ಅಲ್ಲ, ಲಗೇಜಿಗೆ ಹಾಕುವ ಪೆಟ್ಟಿಗೆಯಲ್ಲೇ ಇಡಬೇಕು. ಹಡಗಿನ ದಿನ ಹವಾಮಾನದಿಂದ ಬದಲಾಗಬಹುದು. ಆದ್ದರಿಂದ ಅಣ್ಣನ ರಜೆಯ ಕೊನೆಯಲ್ಲಿ ನಾಲ್ಕು ದಿನ ಖಾಲಿ ಬಿಟ್ಟಿದ್ದೇವೆ.

ಲಗೂನಿನ ಒಳಗೆ ನೀರು ಆಳವಿಲ್ಲ, ಶಾಂತ. ಹವಳದ ದಿಬ್ಬ ದಾಟಿದರೆ ನೆಲ ಒಮ್ಮೆಲೇ ಆಳಕ್ಕೆ ಇಳಿಯುತ್ತದೆ. ದೊಡ್ಡ ವಟ್ಟ, ಚೂರ, ಬಾರಕುಡ ಇರುವುದು ಆ ಅಂಚಿನಲ್ಲಿ. ವಟ್ಟ 80 ಕೆ.ಜಿ. ತನಕ ಬೆಳೆಯಬಲ್ಲ ಮೀನು. ಆದರೆ ಸುಮಾರು 60 ಸೆಂ.ಮೀ. ಉದ್ದ ಆಗುವ ತನಕ ಅದಕ್ಕೆ ಮೊಟ್ಟೆ ಇಡುವ ಪ್ರಾಯವೇ ಬರುವುದಿಲ್ಲ. ಇದನ್ನು ಓದಿದಾಗ ಅಂಕಲ್ ಕೇಳಿದ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ನಾವು ನಾಲ್ಕು ದಿನದ ನೆಂಟರು. ದಿಬ್ಬದ ಮೇಲಿನ ದೊಡ್ಡ ಮೀನುಗಳನ್ನೆಲ್ಲ ಫೋಟೋಕ್ಕಾಗಿ ಕೊಂದು ಬಂದರೆ ಅಲ್ಲೇ ಬದುಕುವವರಿಗೆ ಎಂತ ಉಳಿಯುತ್ತದೆ?

ಇನ್ನರ್ಧ ಉತ್ತರ ದ್ವೀಪದವರಿಂದಲೇ ಸಿಕ್ಕಿತು. ಅಲ್ಲಿನವರು ಚೂರ ಹಿಡಿಯುವುದು ಬಲೆಯಿಂದಲ್ಲ, ಉದ್ದದ ಕೋಲು ಮತ್ತು ಗಾಳದಿಂದ. ಲಗೂನಿನಿಂದ ಚಿಕ್ಕ ಮೀನುಗಳನ್ನು ಜೀವಂತ ಹಿಡಿದು ದೋಣಿಯಲ್ಲಿಟ್ಟುಕೊಂಡು ಹೋಗಿ, ಚೂರದ ಹಿಂಡು ಕಂಡಲ್ಲಿ ಅವುಗಳನ್ನು ಎಸೆದು, ಒಂದೊಂದೇ ಮೀನನ್ನು ಕೋಲಿನಿಂದ ಎತ್ತಿ ದೋಣಿಗೆ ಹಾಕುತ್ತಾರೆ. ಆ ಗಾಳಕ್ಕೆ ಹಿಂಮುಳ್ಳು ಇಲ್ಲ. ದಾರ ಸಡಿಲವಾದ ಕೂಡಲೇ ಮೀನು ತಾನೇ ಕಳಚಿ ಬೀಳುತ್ತದೆ. ಹಿಡಿದು ಬಿಡುವವರಿಗೂ ಬೇಕಾದದ್ದು ಅದೇ ಹಿಂಮುಳ್ಳಿಲ್ಲದ ಗಾಳ. ಬಾಯಿ ಹರಿಯದೆ ಬೇಗ ಬಿಡಿಸಬಹುದು. ದಾರ ಗಟ್ಟಿಯಿದ್ದರೆ ಮೀನು ಸುಸ್ತಾಗಿ ಸಾಯುವ ತನಕ ಎಳೆದಾಡಬೇಕಿಲ್ಲ. ಮುಟ್ಟುವ ಮೊದಲು ಕೈ ಒದ್ದೆ ಮಾಡಬೇಕು. ಕಿವಿರಿಗೆ ಕೈ ಹಾಕಿ ನೇತಾಡಿಸಬಾರದು. ಫೋಟೋ ಬೇಕಾದರೆ ಹೊಟ್ಟೆಯ ಕೆಳಗೆ ಕೈ ಕೊಟ್ಟು ಅಡ್ಡಕ್ಕೆ ಹಿಡಿದು, ಕ್ಷಣದಲ್ಲಿ ತೆಗೆದು ಬಿಡಬೇಕು.

ನಾಲ್ವರೂ ಸೇರಿ ಇನ್ನೂ ಕೆಲವು ನಿಯಮ ಬರೆದುಕೊಂಡಿದ್ದೇವೆ. ದೋಣಿ ದ್ವೀಪದವರದ್ದೇ ಆಗಿರಬೇಕು. ಅವರು ಕೆಲಸ ಮಾಡುವ ಜಾಗದಲ್ಲಿ ನಾವು ಗಾಳ ಎಸೆಯುವುದಿಲ್ಲ. ತಿನ್ನಲು ದಿನಕ್ಕೆ ಒಂದೇ ಮೀನು, ಅದೂ ದೋಣಿಯವರು ಸರಿ ಎಂದದ್ದು. ಹವಳದ ಒಂದು ಚೂರನ್ನೂ ಹೆಕ್ಕುವುದಿಲ್ಲ. ಅದು ಕಾನೂನಿಗೂ ವಿರುದ್ಧ. ಲೈಫ್ ಜಾಕೆಟ್ ಹಾಕದವನು ದೋಣಿ ಹತ್ತುವಂತಿಲ್ಲ. ಕೊನೆಯ ಸಾಲನ್ನು ಎಲೆಕ್ಟ್ರಿಷಿಯನ್ ಗೆಳೆಯನೇ ಬರೆದ: "ತಪ್ಪಾದರೆ ಅದೇ ದಿನ ಹೇಳಬೇಕು."

ಈಗ ಜನವರಿಗೆ ದಿನ ಗೊತ್ತು ಮಾಡಿದ್ದೇವೆ. ಅರ್ಜಿ ಹಾಕಿ ಆಗಿದೆ, ಪರವಾನಗಿ ಇನ್ನೂ ಬಂದಿಲ್ಲ. ಬಾರದೆ ಒಂದು ರೂಪಾಯಿಯೂ ಕೊಡುವುದಿಲ್ಲ. ದುಡ್ಡು ಈ ಸಲ ಗೆಳೆಯನ ಕೈಯಲ್ಲಿದೆ. ಲೆಕ್ಕ ಮಾತ್ರ ನಾನೇ ಬರೆಯಬೇಕೆಂದು ಅವನೇ ಹಟ ಹಿಡಿದ. ನನಗೆ ಅದು 32,000ಕ್ಕಿಂತ ದೊಡ್ಡದು.

ಮೊನ್ನೆ ಭಾನುವಾರ ಕಡಪ್ಪುರದ ಚಪ್ಪರದ ಕೆಳಗೆ ಕೂತು ಇಕ್ಕಳದಿಂದ ಗಾಳಗಳ ಹಿಂಮುಳ್ಳು ಒತ್ತಿ ಚಪ್ಪಟೆ ಮಾಡುತ್ತಿದ್ದೆವು. ಅಂಕಲ್ ಒಂದನ್ನು ಎತ್ತಿ ಬೆರಳಿನಿಂದ ಸವರಿ ನೋಡಿದರು. "ನೀವೂ ಬನ್ನಿ ಅಂಕಲ್" ಎಂದೆ.

"ನನಗೆ ರಜೆ ಸಿಕ್ಕಿದರೆ ನಾನು ಘಟ್ಟ ಹತ್ತುತ್ತೇನೆ ಮಾರಾಯ, ಕಡಲಿಗೆ ಅಲ್ಲ" ಎಂದು ನಕ್ಕರು. ಆಮೇಲೆ ಇಕ್ಕಳ ನನ್ನ ಕೈಯಿಂದ ತೆಗೆದುಕೊಂಡು, "ಹೀಗಲ್ಲ, ಹೀಗೆ ಹಿಡಿ" ಎಂದು ಉಳಿದ ಗಾಳಗಳನ್ನೆಲ್ಲ ಅವರೇ ಸರಿ ಮಾಡಿಕೊಟ್ಟರು.