ಮನುಷ್ಯನನ್ನು ಪೂರ್ತಿಯಾಗಿ ನೋಡಿದ ವಿಮರ್ಶಕ

ನೊಂದವರ ಬಗ್ಗೆ ಮಾತನಾಡುವವರಿಗೆ ಲೋಕದಲ್ಲಿ ಎಂದೂ ಕೊರತೆಯಾಗಿಲ್ಲ. ಬೋಧನಾಪೀಠದಿಂದ, ವೇದಿಕೆಗಳಿಂದ, ಪತ್ರಿಕೆಗಳ ಪುಟಗಳಿಂದ ನಾವೆಲ್ಲರೂ ಬಡವರ ಪರವಾಗಿ ದನಿಯೆತ್ತುತ್ತೇವೆ. ಆದರೆ ನಮ್ಮ ಮಾತಿನಲ್ಲಿ ಮೂಡಿಬರುವ ಆ ಬಡವ ಯಾರು? ನಮ್ಮ ಕರುಣೆಗೆ ಒಪ್ಪುವಂತೆ ನಾವೇ ತಿದ್ದಿ ತೀಡಿದ ಚಿತ್ರವೇ? ಅಥವಾ ಕೋಪ, ನಗೆ, ಸಣ್ಣತನ, ಹಿರಿತನಗಳೆಲ್ಲವೂ ಸೇರಿದ ನಿಜವಾದ ಮನುಷ್ಯನೇ? ಈ ಪ್ರಶ್ನೆಯನ್ನು ಜೀವಮಾನವಿಡೀ ಕೇಳುತ್ತಾ ಬಂದ, ಅದಕ್ಕಾಗಿ ಬೆಲೆಯನ್ನೂ ತೆತ್ತ ಆಫ್ರಿಕಾದ ವಿಮರ್ಶಕರೊಬ್ಬರನ್ನು ತಮಗೆ ಪರಿಚಯಿಸಬೇಕೆಂಬುದು ನನ್ನ ಆಸೆ. ಅವರೇ ದಕ್ಷಿಣ ಆಫ್ರಿಕಾದ ಎಸ್ಕಿಯಾ ಎಂಫಲೇಲೆ.

ಕೇರಿಯ ಹುಡುಗ

ಎಂಫಲೇಲೆ ಜನಿಸಿದ್ದು 1919ರ ಡಿಸೆಂಬರ್ 17ರಂದು, ಪ್ರಿಟೋರಿಯಾ ನಗರದ ಮರಾಬಾಸ್ಟಾಡ್ ಎಂಬ ಬಡ ಕೇರಿಯಲ್ಲಿ. ಎಳೆಯ ಪ್ರಾಯದಲ್ಲೇ ಒಡಹುಟ್ಟಿದವರೊಂದಿಗೆ ಅವರನ್ನು ಉತ್ತರದ ಮೌಪನೆಂಗ್ ಹಳ್ಳಿಗೆ, ತಂದೆಯ ತಾಯಿಯ ಬಳಿಗೆ ಕಳುಹಿಸಲಾಯಿತು. ಅಲ್ಲಿ ಆಡು ಕಾಯ್ದರು. ಇರುಳು ಬೆಂಕಿಯ ಸುತ್ತ ಕುಳಿತು ಹಿರಿಯರ ಕಥೆಗಳನ್ನು ಕೇಳಿದರು. ಹದಿಮೂರರ ಹೊತ್ತಿಗೆ ಮರಳಿ ಮರಾಬಾಸ್ಟಾಡಿಗೆ ಬಂದರು. ತಾಯಿ ಬಿಳಿಯರ ಮನೆಗಳಲ್ಲಿ ಕೆಲಸದಾಕೆ. ತಂದೆ ಒಂದು ದಿನ ಸಿಟ್ಟಿನಲ್ಲಿ ಕುದಿಯುವ ಪಾತ್ರೆಯನ್ನೆಸೆದು ಆಕೆಯನ್ನು ಸುಟ್ಟರು. ಪೊಲೀಸರ ವಶವಾದ ಆ ತಂದೆಯನ್ನು ಮಗ ಮತ್ತೆ ಕಾಣಲಿಲ್ಲ. ತಾಯಿಯ ತಾಯಿ ಮತ್ತು ಆಕೆಯ ಮಗಳು ಡೋರಾ ಬಿಳಿಯರ ಬಟ್ಟೆ ಒಗೆದು, ಕಾನೂನಿನ ಕಣ್ಣು ತಪ್ಪಿಸಿ ಬಿಯರ್ ಕಾಯಿಸಿ ಮಕ್ಕಳನ್ನು ಸಾಕಿದರು. ಪೊಲೀಸರು ಬಂದಾರೆಂದು ಬಿಯರಿನ ಡಬ್ಬಗಳನ್ನು ಅಂಗಳದಲ್ಲಿ ಹೂತಿಡುತ್ತಿದ್ದರು.

1959ರಲ್ಲಿ ಪ್ರಕಟವಾದ ‘ಡೌನ್ ಸೆಕೆಂಡ್ ಅವೆನ್ಯೂ’ ಎಂಬ ಆತ್ಮಕಥೆಯಲ್ಲಿ ಅವರು ಈ ಜನರನ್ನೆಲ್ಲ ಚಿತ್ರಿಸಿದ್ದಾರೆ. ಅಲ್ಲಿ ಯಾರೂ ಸಂತರಲ್ಲ. ಅಜ್ಜಿ ಬೈಯುತ್ತಾಳೆ, ಪ್ರಾರ್ಥಿಸುತ್ತಾಳೆ, ಕಳ್ಳಬಿಯರನ್ನೂ ಮಾರುತ್ತಾಳೆ. ಡೋರಾ ಯಾರಿಗೂ ಹೆದರದ ಗಟ್ಟಿಗಿತ್ತಿ. ಅವರನ್ನು ಕಂಡು ನಮಗೆ ಅಯ್ಯೋ ಎನಿಸುವುದಕ್ಕಿಂತ ಮೊದಲು, ಅವರ ಮಾತನ್ನು ಇನ್ನಷ್ಟು ಕೇಳಬೇಕೆನಿಸುತ್ತದೆ.

ಪಾಠ ಹೇಳಬಾರದೆಂಬ ಆಜ್ಞೆ

ಜೊಹಾನ್ಸ್‌ಬರ್ಗಿನ ಸೇಂಟ್ ಪೀಟರ್ಸ್ ಶಾಲೆಯಲ್ಲಿಯೂ ನಟಾಲ್ ಪ್ರಾಂತದ ಆಡಮ್ಸ್ ಕಾಲೇಜಿನಲ್ಲಿಯೂ ಕಲಿತು ಅವರು ಶಿಕ್ಷಕರಾದರು. ಎರಡೂ ಮಿಷನ್ ವಿದ್ಯಾಸಂಸ್ಥೆಗಳು. ಅಂಧರ ಸಂಸ್ಥೆಯೊಂದರಲ್ಲಿ ಕೆಲಸ ಮಾಡಿ, 1945ರಲ್ಲಿ ಆರ್ಲಾಂಡೋ ಪ್ರೌಢಶಾಲೆಗೆ ಸೇರಿದರು. ಮುಂದೆ ಬಿಳಿಯರ ಸರ್ಕಾರ ಕಪ್ಪು ಮಕ್ಕಳಿಗೆಂದೇ ಕೀಳುದರ್ಜೆಯ ಶಿಕ್ಷಣವನ್ನು ಯೋಜಿಸತೊಡಗಿತು. ಕೂಲಿಗೆ ಬೇಕಾದಷ್ಟು ಕಲಿತರೆ ಅವರಿಗೆ ಸಾಕೆಂಬುದು ಅದರ ತಿರುಳು. ಎಂಫಲೇಲೆ ಬಹಿರಂಗವಾಗಿ ವಿರೋಧಿಸಿದರು. 1952ರಲ್ಲಿ ಅವರನ್ನು ವಜಾಮಾಡಿ, ಸರ್ಕಾರಿ ಶಾಲೆಗಳಲ್ಲಿ ಬೋಧಿಸದಂತೆ ನಿಷೇಧಿಸಲಾಯಿತು. ಮರುವರ್ಷವೇ ‘ಬಾಂಟು ಶಿಕ್ಷಣ ಕಾಯಿದೆ’ ಅಂಗೀಕಾರವಾಯಿತು.

1955ರಲ್ಲಿ ‘ಡ್ರಮ್’ ಪತ್ರಿಕೆಯನ್ನು ಸೇರಿ ಅದರ ಕಥಾವಿಭಾಗವನ್ನು ನೋಡಿಕೊಂಡರು. ದುಡಿಯುತ್ತಲೇ ಓದಿ ಸ್ನಾತಕೋತ್ತರ ಪದವಿ ಪಡೆದರು. ಆದರೆ ಅವರೊಳಗಿದ್ದ ಶಿಕ್ಷಕನಿಗೆ ನೆಮ್ಮದಿಯಿರಲಿಲ್ಲ. 1957ರ ಸೆಪ್ಟೆಂಬರಿನಲ್ಲಿ ನೈಜೀರಿಯಾಕ್ಕೆ ಹೊರಟರು. ಅಲ್ಲಿಂದ ಇಪ್ಪತ್ತು ವರ್ಷಗಳ ಅಲೆದಾಟ: ಪ್ಯಾರಿಸ್, ನೈರೋಬಿ, ಡೆನ್ವರ್, ಜಾಂಬಿಯಾ, ಫಿಲಡೆಲ್ಫಿಯಾ. 1966ರಲ್ಲಿ ತಾಯ್ನಾಡಿನ ಸರ್ಕಾರ ಅವರ ಮಾತನ್ನು ಅಲ್ಲಿ ಯಾರೂ ಉಲ್ಲೇಖಿಸಬಾರದೆಂದು ಆಜ್ಞೆ ಹೊರಡಿಸಿತು.

ಕರುಣೆಯ ಚಿತ್ರ, ಹೊಗಳಿಕೆಯ ಚಿತ್ರ

ವಿಮರ್ಶಕರಾಗಿ ಅವರಿಗೆ ಹೆಸರು ತಂದ ಕೃತಿ 1962ರ ‘ದಿ ಆಫ್ರಿಕನ್ ಇಮೇಜ್’. ಸಾಹಿತ್ಯದಲ್ಲಿ ಆಫ್ರಿಕಾದ ಮನುಷ್ಯ ಹೇಗೆ ಚಿತ್ರಿತನಾಗಿದ್ದಾನೆ ಎಂಬುದೇ ಅದರ ವಸ್ತು. ಬಿಳಿಯ ಲೇಖಕರಲ್ಲಿ ಕೆಲವರು ಅವನನ್ನು ಕಾಡುಮನುಷ್ಯನನ್ನಾಗಿ ಬರೆದರು, ಕೆಲವರು ನಂಬಿಗಸ್ತ ಸೇವಕನನ್ನಾಗಿ, ಇನ್ನು ಕೆಲವರು ಕೇವಲ ನೊಂದವನನ್ನಾಗಿ. ತಿರಸ್ಕಾರದಿಂದ ಬರೆದವರನ್ನು ಟೀಕಿಸುವುದು ಸುಲಭ. ಎಂಫಲೇಲೆ ಪ್ರೀತಿಯಿಂದ ಬರೆದವರನ್ನೂ ಅದೇ ತಕ್ಕಡಿಯಲ್ಲಿ ತೂಗಿದರು.

ಅಲನ್ ಪೇಟನ್ ಅವರ 1948ರ ಕಾದಂಬರಿ ‘ಕ್ರೈ, ದಿ ಬಿಲವೆಡ್ ಕಂಟ್ರಿ’ಯನ್ನು ತಮ್ಮಲ್ಲಿ ಕೆಲವರಾದರೂ ಓದಿರಬಹುದು. ಕಳೆದುಹೋದ ಮಗನನ್ನು ಹುಡುಕುತ್ತಾ ಮಹಾನಗರಕ್ಕೆ ಹೋಗುವ ವೃದ್ಧ ಯಾಜಕ ಸ್ಟೀಫನ್ ಕುಮಾಲೋ ನಮ್ಮಂಥ ಗುರುಗಳ ಮನಸ್ಸನ್ನು ಕಲಕುವ ಪಾತ್ರ. ಆದರೆ ಎಂಫಲೇಲೆಯವರಿಗೆ ಅವನು ಬೆಳೆಯದ ಪಾತ್ರವಾಗಿ ಕಂಡ. ನೋಯುತ್ತಾನೆ, ಬಾಗುತ್ತಾನೆ, ಕೃತಜ್ಞನಾಗುತ್ತಾನೆ. ಆದರೆ ಅವನೊಳಗೆ ಸಂಘರ್ಷವಿಲ್ಲ, ಲೇಖಕರ ಉಪದೇಶಕ್ಕೆ ಅವನೊಂದು ಸಾಧನವಾಗಿದ್ದಾನೆ ಎಂಬುದು ಅವರ ಆಕ್ಷೇಪ. ಕುಮಾಲೋ ನನಗೆ ಇಂದಿಗೂ ಪ್ರಿಯ. ಆದರೂ ಈ ಆಕ್ಷೇಪವನ್ನು ಬದಿಗೆ ಸರಿಸಲು ನನ್ನಿಂದಾಗುವುದಿಲ್ಲ. ನಮಗೆ ಇಷ್ಟವಾಗುವುದು ಆ ಮನುಷ್ಯನೋ, ಅವನ ವಿನಯವೋ? ಅವನು ತಲೆಯೆತ್ತಿ ನಮ್ಮನ್ನೇ ಪ್ರಶ್ನಿಸಿದ್ದರೆ ನಮ್ಮ ಕಣ್ಣು ಹೀಗೆಯೇ ಒದ್ದೆಯಾಗುತ್ತಿತ್ತೇ?

ಅದೇ ನಿಷ್ಠುರತೆಯನ್ನು ಅವರು ತಮ್ಮವರ ಮೇಲೂ ಪ್ರಯೋಗಿಸಿದರು. ಸೆನೆಗಲ್ಲಿನ ಸೆಂಘೋರ್, ಮಾರ್ಟಿನಿಕ್ ದ್ವೀಪದ ಸೆಸೇರ್ ಮೊದಲಾದ ಕವಿಗಳು ಕಟ್ಟಿದ ‘ನೆಗ್ರಿಟ್ಯೂಡ್’ ಚಳವಳಿ ಕಪ್ಪು ಜನರ ಸಂಸ್ಕೃತಿಯನ್ನು ಹೆಮ್ಮೆಯಿಂದ ಎತ್ತಿಹಿಡಿದಿತ್ತು. 1963ರಲ್ಲಿ, ಸೆಂಘೋರ್ ರಾಷ್ಟ್ರಾಧ್ಯಕ್ಷರಾಗಿದ್ದಾಗಲೇ, ಅವರ ರಾಜಧಾನಿ ಡಾಕಾರಿನ ಸಮ್ಮೇಳನದಲ್ಲಿ ಎಂಫಲೇಲೆ ತಮ್ಮ ಭಿನ್ನಾಭಿಪ್ರಾಯವನ್ನು ಮಂಡಿಸಿದರು. ಆಫ್ರಿಕಾವನ್ನು ಮುಗ್ಧತೆಯ, ಪರಿಶುದ್ಧತೆಯ ಪ್ರತೀಕವನ್ನಾಗಿ ಮಾಡಿದರೆ ಅಲ್ಲಿನ ಮನುಷ್ಯ ಮತ್ತೆ ಮರೆಯಾಗುತ್ತಾನೆ, ಅವನಲ್ಲಿ ಹಿಂಸೆಯೂ ಇದೆ ಎಂದರು. ಮರಾಬಾಸ್ಟಾಡಿನಲ್ಲಿ ಬೆಳೆದವರು ಬೇರೇನು ಹೇಳಿಯಾರು? ಹಾಗೆಂದು ಅವರು ಹಟಮಾರಿಯಲ್ಲ. ಅಮೆರಿಕದ ಕಪ್ಪು ಜನರ ಬದುಕನ್ನು ಹತ್ತಿರದಿಂದ ಕಂಡ ಮೇಲೆ, 1974ರಲ್ಲಿ ಅದೇ ಗ್ರಂಥವನ್ನು ಬಹುಮಟ್ಟಿಗೆ ಹೊಸದಾಗಿ ಬರೆದು ತಮ್ಮ ನಿಲುವುಗಳನ್ನು ಪರಿಷ್ಕರಿಸಿದರು.

ಯಾವ ನುಡಿ?

1962ರಲ್ಲಿ ಉಗಾಂಡಾದ ಮಕೆರೆರೆಯಲ್ಲಿ ಆಫ್ರಿಕಾದ ಇಂಗ್ಲಿಷ್ ಲೇಖಕರು ಸಭೆ ಸೇರಿದಾಗ ಅದರ ಸಂಘಟನೆಯಲ್ಲಿ ಎಂಫಲೇಲೆ ಪ್ರಮುಖರಾಗಿದ್ದರು. ಮರುವರ್ಷ ನೈಜೀರಿಯಾದ ಓಬಿ ವಾಲಿ, ಆಫ್ರಿಕಾದ ನುಡಿಗಳಲ್ಲಿ ಬರೆಯದ ಸಾಹಿತ್ಯಕ್ಕೆ ಭವಿಷ್ಯವಿಲ್ಲವೆಂದು ವಾದಿಸಿದರು. ಎಂಫಲೇಲೆ ಇಂಗ್ಲಿಷಿನ ಪರ ನಿಂತರು. ತಾಯ್ನುಡಿಯನ್ನು ಪ್ರೀತಿಸುವ ನಮಗೆ ಇದು ವಿಚಿತ್ರವೆನಿಸಬಹುದು. ಆದರೆ ಅವರ ನಾಡಿನಲ್ಲಿ ಬಿಳಿಯರ ಸರ್ಕಾರವೇ ತಾಯ್ನುಡಿಯ ಶಿಕ್ಷಣವನ್ನು ಕಡ್ಡಾಯ ಮಾಡಿತ್ತು. ಅದು ನುಡಿಯ ಮೇಲಿನ ಪ್ರೀತಿಯಿಂದಲ್ಲ. ಒಂದೊಂದು ಬುಡಕಟ್ಟನ್ನು ಅದರದರ ಬೇಲಿಯೊಳಗೆ ಕೂಡಿಹಾಕುವುದಕ್ಕಾಗಿ. ಬೇಲಿಯಾಚೆಯ ಸೋದರರೊಂದಿಗೆ ಮಾತನಾಡಲು ಅಲ್ಲಿನವರಿಗೆ ಇಂಗ್ಲಿಷ್ ಬೇಕಾಗಿತ್ತು. ಒಳ್ಳೆಯ ತತ್ತ್ವವನ್ನೂ ಕೆಟ್ಟ ಕೈ ಹಿಡಿದರೆ ಅದು ಸಂಕೋಲೆಯಾದೀತು.

ದೇವಾಲಯದಿಂದ ಹೊರನಡೆದವರು

ನಾವು ಕ್ರೈಸ್ತರು ಅರಿಯಬೇಕಾದ ಕಹಿ ಸಂಗತಿಯೊಂದಿದೆ. ಮಿಷನ್ ಶಾಲೆಗಳಲ್ಲಿ ಕಲಿತ ಎಂಫಲೇಲೆ 1940ರ ದಶಕದಲ್ಲೇ ದೇವಾಲಯಕ್ಕೆ ಹೋಗುವುದನ್ನು ನಿಲ್ಲಿಸಿದರು. ಪ್ರೀತಿಯನ್ನು ಬೋಧಿಸುವ ಬಿಳಿಯರು ಅನ್ಯಾಯದ ವ್ಯವಸ್ಥೆಯಲ್ಲಿ ಸುಖವಾಗಿ ಕುಳಿತಿರುವುದನ್ನು ಅವರಿಂದ ಸಹಿಸಲಾಗಲಿಲ್ಲ. ಮುಂದೆ ಅವರು ಪೂರ್ವಿಕರ ಸ್ಮರಣೆ, ನೆರೆಹೊರೆಯ ಬಾಳು, ಒಬ್ಬರಿಗೊಬ್ಬರು ಹೊಣೆಯಾಗುವ ಬದುಕು ಇವುಗಳಲ್ಲಿ ನೆಲೆ ಕಂಡುಕೊಂಡು ಅದನ್ನು ಆಫ್ರಿಕಾದ ಮಾನವತಾವಾದವೆಂದು ಕರೆದರು.

ಧರ್ಮಸಭೆಗಳೆಲ್ಲ ಮೌನವಾಗಿದ್ದವು ಎನ್ನುವಂತಿಲ್ಲ. ಅವರು ಕಲಿತ ಸೇಂಟ್ ಪೀಟರ್ಸ್ ಶಾಲೆ ಬಾಂಟು ಶಿಕ್ಷಣಕ್ಕೆ ತಲೆಬಾಗದೆ 1956ರಲ್ಲಿ ಬಾಗಿಲು ಮುಚ್ಚಿತು. ಅವರು ನಾಡು ಬಿಟ್ಟ 1957ರಲ್ಲೇ ದಕ್ಷಿಣ ಆಫ್ರಿಕಾದ ಕಥೋಲಿಕ ಧರ್ಮಾಧ್ಯಕ್ಷರು ವರ್ಣಭೇದ ನೀತಿ ಮೂಲತಃ ಕೆಡುಕೆಂದು ಸಾರಿದರು. ಆದರೆ ಅಷ್ಟರಲ್ಲಿ ಒಬ್ಬ ಪ್ರಾಮಾಣಿಕ ಮನುಷ್ಯ ಹೊರನಡೆದು ಹತ್ತು ವರ್ಷಗಳೇ ಕಳೆದಿದ್ದವು. ತಡವಾಗಿ ಬರುವ ಸತ್ಯವೂ ಸತ್ಯವೇ; ಕಾದು ಕಾದು ಹೋದವರನ್ನು ಮಾತ್ರ ಅದು ಮರಳಿ ಕರೆತರಲಾರದು.

ಮಣ್ಣಿನ ಸೆಳೆತ

1977ರಲ್ಲಿ ಎಂಫಲೇಲೆ ಪೆನ್ಸಿಲ್ವೇನಿಯಾದ ಪ್ರಾಧ್ಯಾಪಕ ಹುದ್ದೆಯನ್ನು ಬಿಟ್ಟು ತಾಯ್ನಾಡಿಗೆ ಮರಳಿದರು. ಸೊವೆಟೋದಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿ ಒಂದು ವರ್ಷವಷ್ಟೇ ಆಗಿತ್ತು. ಪೊಲೀಸರ ವಶದಲ್ಲಿ ಸ್ಟೀವ್ ಬೀಕೋ ಸಾವಿಗೀಡಾದದ್ದೂ ಅದೇ ವರ್ಷ. ಇದು ದಬ್ಬಾಳಿಕೆಯೊಂದಿಗೆ ರಾಜಿಯಲ್ಲವೇ ಎಂದು ದೇಶಭ್ರಷ್ಟರಾಗಿದ್ದ ಅನೇಕರು ಕೇಳಿದರು. ಆ ಪ್ರಶ್ನೆ ಅನ್ಯಾಯದ್ದೇನೂ ಅಲ್ಲ. ಆದರೆ ಲೇಖಕನನ್ನು ಅವನು ಹುಟ್ಟಿದ ಸ್ಥಳವೇ ಆಳುತ್ತದೆ ಎಂಬುದು ಎಂಫಲೇಲೆಯವರ ದೃಢವಾದ ನಂಬಿಕೆ. ಇದನ್ನು ಅವರು ಸ್ಥಳದ ದಬ್ಬಾಳಿಕೆ ಎಂದೇ ಕರೆದರು. ಎಜಕೀಲ್ ಎಂಬ ಹೆಸರನ್ನು ಬಿಟ್ಟು ಎಸ್ಕಿಯಾ ಆದದ್ದೂ ಆಗಲೇ.

ನಾಡು ಅವರನ್ನು ತೋಳು ಚಾಚಿ ಸ್ವಾಗತಿಸಲಿಲ್ಲ. ಉತ್ತರದ ವಿಶ್ವವಿದ್ಯಾನಿಲಯದ ಹುದ್ದೆಗೆ ಸರ್ಕಾರ ಅಡ್ಡಗಾಲಿಟ್ಟಿತು. ವಿಶ್ವಖ್ಯಾತ ವಿಮರ್ಶಕರು ಕೆಲಕಾಲ ಶಾಲಾ ತನಿಖಾಧಿಕಾರಿಯಾಗಿ ದುಡಿದರು. ಕೊನೆಗೆ ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾನಿಲಯ ಅವರನ್ನು ಕರೆಯಿತು. 1983ರಲ್ಲಿ ಅಲ್ಲಿ ಆಫ್ರಿಕಾದ ಸಾಹಿತ್ಯಕ್ಕೆಂದೇ ಒಂದು ವಿಭಾಗವನ್ನು ಕಟ್ಟಿದರು. ಪಾಠ ಹೇಳಬಾರದೆಂದು ಹೊರದೂಡಲ್ಪಟ್ಟವರು ಮೂವತ್ತೊಂದು ವರ್ಷಗಳ ನಂತರ ಅದೇ ನೆಲದಲ್ಲಿ ಪ್ರಾಧ್ಯಾಪಕರಾದರು. 2008ರ ಅಕ್ಟೋಬರ್ 27ರಂದು, ತಾವು ಆಡು ಕಾಯ್ದ ಉತ್ತರದ ಸೀಮೆಯಲ್ಲೇ, ಲೆಬೋವಕ್ಗೋಮೊದಲ್ಲಿ ಕಣ್ಣು ಮುಚ್ಚಿದರು.

ಪ್ರಿಯ ಓದುಗರೇ, ಮನುಷ್ಯ ದೇವರ ಪ್ರತಿರೂಪವೆಂದು ನಾವು ನಂಬುತ್ತೇವೆ. ಆ ರೂಪವನ್ನು ಕೆಡಿಸಲು ದ್ವೇಷವೇ ಬೇಕೆಂದಿಲ್ಲ, ಅವಸರದ ಅನುಕಂಪವೂ ಸಾಕು. ಮುಂದಿನ ಸಲ ನಮ್ಮ ಸಂಘದ ವರದಿಯಲ್ಲಿ, ಪ್ರಬೋಧನೆಯಲ್ಲಿ, ಸಹಾಯಾರ್ಥ ಮನವಿಯಲ್ಲಿ ಒಬ್ಬ ಬಡವನನ್ನು ಚಿತ್ರಿಸುವ ಮುನ್ನ, ಅವನು ಅದನ್ನು ಓದಿದರೆ ತನ್ನನ್ನು ತಾನು ಗುರುತಿಸಿಕೊಂಡಾನೇ ಎಂದು ಕೇಳಿಕೊಳ್ಳೋಣ. ಸಾಧ್ಯವಾದರೆ, ಅಚ್ಚಿಗೆ ಕಳುಹಿಸುವ ಮೊದಲು ಅವನಿಗೇ ಒಮ್ಮೆ ಓದಿ ಹೇಳೋಣ.